ಭಂಡಾರ ಹಿಡಿಯುವ ಜಾಲರಿ

ಗೇಮ್ ಆಡಲು ಕಂಪ್ಯೂಟರನ್ನು ತಾನೇ ಜೋಡಿಸುತ್ತೇನೆ ಎಂದು ಶಿರೀಷಾ ಹೇಳಿದಾಗ, ಅದುವರೆಗೆ ಮಿಕ್ಸರಿನ ಪ್ಲಗ್ಗನ್ನೂ ಮುಟ್ಟದ ಗಂಡ ಅಂಜಿ ಒಮ್ಮೆಲೇ ತಜ್ಞನಾದ.

"ಗ್ರಾಫಿಕ್ಸ್ ಕಾರ್ಡ್ ಸಣ್ಣದು ಸಾಕು. ಹೆಣ್ಮಕ್ಕಳು ಆಡಾಕ ದೊಡ್ಡದು ಯಾಕ ಬೇಕು?"

ಹೆಣ್ಣಿನ ಕಣ್ಣಿಗೆ ಚಿತ್ರ ತಡವರಿಸುತ್ತ ಓಡಿದರೂ ನಡೆಯುತ್ತದೆಂದು ಅವನಿಗೆ ಯಾರು ಕಲಿಸಿದ್ದರೋ! ಅವಳು ದೊಡ್ಡದನ್ನೇ ತರಿಸಿದಳು.

ಕಡೆಗೆ ಉಳಿದದ್ದು ಇದನ್ನೆಲ್ಲ ಕೂರಿಸುವ ಪೆಟ್ಟಿಗೆ. ಗದ್ವಾಲಿನ ಅಂಗಡಿಯಲ್ಲಿ ಅಂಜಿ ಬಣ್ಣದ ದೀಪಗಳ, ಮುಂದೆಲ್ಲ ತೆರೆದ ಪೆಟ್ಟಿಗೆಯ ಎದುರು ಮೈಮರೆತು ನಿಂತ. ಶಿರೀಷಾ ಆರಿಸಿದ್ದು ಫ್ಯಾನಿನ ಮುಂದೆ ಸಣ್ಣ ಕಣ್ಣಿನ ಜಾಲರಿಯಿದ್ದ ಕಪ್ಪು ಪೆಟ್ಟಿಗೆ.

"ಅದ್ರಾಗ ಹಿಟ್ಟು ಸೋಸ್ತಿಯೇನ?" ಎಂದು ಅವನು ನಕ್ಕ.

ಅವಳು ಅದನ್ನೇ ಕಟ್ಟಿಸಿಕೊಂಡು ಮನೆಗೆ ತಂದಳು. ಈ ಮನೆಯ ಹೊಸಿಲು ದಾಟಿದ ಹೊಸ ಟಿವಿ, ಹೊಸ ಫ್ರಿಜ್ಜು, ಹೊಸ ಸೊಸೆ, ಯಾವುದೂ ಹಳದಿಯಾಗದೆ ಉಳಿದಿರಲಿಲ್ಲ.

ಭಾನುವಾರ, ಮೈಲಾರನ ವಾರ. ಜೋಡಿಸಿದ ಕಂಪ್ಯೂಟರಿನ ಫ್ಯಾನು ತಿರುಗಿದ್ದೇ ತಡ, ಅತ್ತೆ ಬುಗ್ಗಮ್ಮ "ಏಳುಕೋಟಿ ಏಳುಕೋಟಿಗೋ!" ಎಂದು ಕೂಗಿ, ದೇವರ ಅರಿಸಿನಪುಡಿಯಾದ ಭಂಡಾರವನ್ನು ಮುಷ್ಟಿ ತುಂಬ ಅದರ ಮೇಲೆ ಎರಚಿದಳು.

"ಅವ್ವಾ, ಕೆಡಿಸಿಬಿಟ್ಟಿ!" ಎಂದು ಅಂಜಿ ಕಿರುಚಿದ.

ಶಿರೀಷಾ ಜಾಲರಿ ಕಳಚಿ, ಕಿಟಕಿಯಾಚೆ ಕೊಡವಿ, ಮತ್ತೆ ಸಿಕ್ಕಿಸಿದಳು. ಫ್ಯಾನು ಸುಮ್ಮನೆ ತಿರುಗುತ್ತಲೇ ಇತ್ತು.

"ಇನ್ನೊಂದು ಮುಷ್ಟಿ ಹಾಕ್ರಿ ಅತ್ತಿ, ದೇವ್ರಿಗೆ ಕಮ್ಮಿ ಆಗಬಾರ್ದು."

ಸಂಜೆಯ ಹೊತ್ತಿಗೆ ಅಂಜಿ ಪಕ್ಕದ ಮನೆಯವರಿಗೆ ಹೇಳುತ್ತಿದ್ದ: "ಜಾಲರಿ ಇರೋದೇ ತಗೋ ಅಂತ ನಾನೇ ಹೇಳಿದ್ನಿರಿ."

ಗಂಡನ ಮಾತು ಸೋಸುವ ಜಾಲರಿ ಮಾತ್ರ ಅಂಗಡಿಯಲ್ಲಿ ಸಿಕ್ಕಿರಲಿಲ್ಲ. ಶಿರೀಷಾ ಹೆಡ್‌ಫೋನ್ ಹಾಕಿಕೊಂಡು ಆಟ ಶುರುಮಾಡಿದಳು.