ಗುಟುಕು ನೀರು

ಅತ್ತೆಯ ಕೈಗುಣ ದೊಡ್ಡದೆಂದು ಬೀದಿಯವರೆಲ್ಲ ನಂಬಿದ್ದರು. ಯಾರ ಮನೆಯ ಕೂಸು ಹುಷಾರು ತಪ್ಪಿದರೂ ಮೊದಲು ಅವಳಿಗೇ ಕರೆ. ವಾಂತಿಭೇದಿಗೆ ಅವಳ ಕಟ್ಟಪ್ಪಣೆ ಒಂದೇ: ನಿಲ್ಲುವವರೆಗೂ ಹನಿ ನೀರು ಕೊಡಕೂಡದು. ಸೊಸೆ ಊರಿನ ಆರೋಗ್ಯ ಕಾರ್ಯಕರ್ತೆಯಾಗಲು ತರಬೇತಿಗೆ ಹೊರಟಾಗ ಅತ್ತೆ ನಕ್ಕುಬಿಟ್ಟಿದ್ದಳು. "ಮಕ್ಕಳನ್ನ ನೋಡ್ಕೊಳ್ಳೋದನ್ನೂ ಪಾಠ ಹೇಳಿಸ್ಕೊಂಡು ಕಲೀಬೇಕಾ? ಕಾಲ ಕೆಟ್ಟೋಯ್ತು ಬಿಡು."

ತರಬೇತಿಯಲ್ಲಿ ಸೊಸೆ ರಬ್ಬರ್ ಗೊಂಬೆಗೆ ಚಮಚದಲ್ಲಿ ನೀರು ಕುಡಿಸಿ ಭೇಷ್ ಅನ್ನಿಸಿಕೊಂಡಳು. ಮನೆಗೆ ಮರಳಿದರೆ ಅವಳದೇ ಪುಟ್ಟ ಮಗಳು ಅಜ್ಜಿಯ ಮಡಿಲಲ್ಲಿ ಬಾಡಿ ಮಲಗಿದ್ದಳು. ನಿನ್ನೆಯಿಂದ ಭೇದಿ. ಕಣ್ಣು ಗುಳಿಬಿದ್ದಿತ್ತು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ನಿಧಾನವಾಗಿ ಇಳಿಯಿತು. ದೀಪದ ಕೆಳಗೇ ಕತ್ತಲೆ!

"ನೀರು ಕೊಟ್ರಾ ಅತ್ತೆ?"

"ಹುಚ್ಚಿ! ತೂತು ಕೊಡಕ್ಕೆ ನೀರು ಹೊಯ್ದ್ರೆ ಸೋರೋದು ನಿಲ್ಲುತ್ತಾ?"

"ಹೊಯ್ಯದಿದ್ರೆ ಕೊಡ ಬರಿದಾಗುತ್ತೆ. ಮೈಯಲ್ಲಿರೋ ನೀರು ಬತ್ತಿದ್ರೆ ಮಗು ಉಳಿಯಲ್ಲ ಅತ್ತೆ."

ಸೊಸೆ ತರಬೇತಿಯಲ್ಲಿ ಕೊಟ್ಟಿದ್ದ ಓಆರ್‌ಎಸ್ ಎಂಬ ಉಪ್ಪು-ಸಕ್ಕರೆಯ ಪುಡಿಯನ್ನು ನೀರಿಗೆ ಕದಡಿ ಲೋಟವನ್ನೇ ಮಗುವಿನ ಬಾಯಿಗಿಟ್ಟಳು. ಮಗು ಗಟಗಟ ಕುಡಿದು ಅಷ್ಟನ್ನೂ ಕಕ್ಕಿತು.

"ನೋಡಿದ್ಯಾ ನಿನ್ನ ವಿದ್ಯೆನ!" ಅತ್ತೆ ಮಗುವನ್ನು ಕಿತ್ತುಕೊಂಡಳು.

ಗೊಂಬೆ ವಾಂತಿ ಮಾಡಿರಲಿಲ್ಲ. ಕಕ್ಕಿದರೆ ಸ್ವಲ್ಪ ತಡೆದು ಮತ್ತೆ ಚಮಚ ಚಮಚವಾಗಿ ಕೊಡಿ ಎಂದು ಅಲ್ಲಿ ಹೇಳಿದ್ದನ್ನು ಸೊಸೆ ಗಾಬರಿಯಲ್ಲಿ ಮರೆತಿದ್ದಳು; ಈಗ ನೆನಪಾಯಿತು.

"ಮಗುನ ಕೊಡಿ ಅತ್ತೆ. ಇದೊಂದರಲ್ಲಿ ನಾನು ನಿಮ್ಮ ಮಾತು ಕೇಳಲ್ಲ."

ಆ ಮನೆಯಲ್ಲಿ ಅವಳು ಎದುರಾಡಿದ್ದು ಅದೇ ಮೊದಲು. ಮಗುವನ್ನು ತನ್ನ ಮಡಿಲಿಗೆ ಹಾಕಿಕೊಂಡು ಸಂಜೆಯವರೆಗೂ ಚಮಚ ಕೆಳಗಿಡಲಿಲ್ಲ. ಕೊನೆಗೆ ಮಗು ಉಚ್ಚೆ ಹೊಯ್ದು ಮಡಿಲು ಒದ್ದೆ ಮಾಡಿದಾಗ, ಮೈಗೆ ನೀರು ಹತ್ತಿತೆಂದು ಅವಳು ಖುಷಿಗೆ ಅತ್ತಳು.

ಅತ್ತೆ ಗೋಡೆಗೊರಗಿ ಕೂತಿದ್ದಳು. "ನನ್ನ ಎರಡು ಕೂಸೂ ನೀರು, ನೀರು ಅಂತಲೇ ಹೋದ್ವು. ಒಂದು ಗುಟುಕೂ ಕೊಡ್ಲಿಲ್ಲ ನಾನು. ಹಾಗಾದ್ರೆ ಅವು..."

ಹಣೆಬರಹ ಎಂದು ಸಮಾಧಾನ ಹೇಳಬಹುದಿತ್ತು. ಆ ಒಂದು ಮಾತಿನ ಮರೆಯಲ್ಲಿ ಎಷ್ಟು ಮನೆಗಳ ಮಕ್ಕಳು ಮಣ್ಣಾಗಿದ್ದಾರೋ!

"ಕೊಟ್ಟಿದ್ರೆ ಉಳೀತಿದ್ವೇನೋ ಅತ್ತೆ," ಎಂದಳು ಸೊಸೆ. "ನಿಮಗೆ ಹೇಳೋರು ಯಾರೂ ಇರಲಿಲ್ಲ."

ಅತ್ತೆ ಅಂದು ಅನ್ನ ಮುಟ್ಟಲಿಲ್ಲ.

ಮರುದಿನ ಪಕ್ಕದ ಮನೆಯವಳು ಭೇದಿಯಾದ ಕೂಸನ್ನು ಎತ್ತಿಕೊಂಡು ಬಂದಳು. "ನೀವು ಹೇಳೋ ಹಾಗೆ ನೀರು ನಿಲ್ಲಿಸಿಬಿಟ್ಟಿದ್ದೀನಿ ಅಜ್ಜಿ."

ಅತ್ತೆ ದಡಕ್ಕನೆ ಎದ್ದಳು.

"ನನ್ನ ಮಾತು ನಂಬಿ ನಾನೇ ಎರಡು ಮಕ್ಕಳನ್ನ ಕಳ್ಕೊಂಡೆ ಕಣೆ. ನೀನು ನಂಬಬೇಡ. ಕುಡಿಸು, ಮೊದಲು ಕುಡಿಸು!"