ಒಳಜೇಬಿನ ರಸೀದಿ

ನನ್ನ ಭಾವ ಹೊಸಬರಿಗೆ ಹೂಡಿಕೆಯ ಪಾಠ ಹೇಳುತ್ತಾನೆ. ಎದುರಿಗೆ ಇನ್ನೂ ಬಹುವಚನವೇ, ಅಕ್ಕನ ಗಂಡನಲ್ಲವೇ. ಬೆನ್ನ ಹಿಂದೆ ಅದು ಬಾಯಿಗೆ ಬರುವುದಿಲ್ಲ.

ಮೂರು ವರ್ಷದ ಹಿಂದೆ, ಎರಡನೇ ಹೊಲಿಗೆ ಯಂತ್ರಕ್ಕೆಂದು ನಾನು ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟದ್ದನ್ನೆಲ್ಲ ಒಂದು ಯೋಜನೆಗೆ ಹಾಕಿಸಿದ. ಬೇಕೆಂದಾಗ ವಾಪಸ್ ಸಿಗುತ್ತದಾ ಎಂದು ಕೇಳಿದ್ದಕ್ಕೆ, ಸೂಜಿ ಹಿಡಿಯೋರ ತಲೆಗೆ ಇದೆಲ್ಲ ಹೋಗಲ್ಲ ಎಂದ. ಊಟಕ್ಕೆ ಕೂತ ಮನೆಯವರೆಲ್ಲ ನಕ್ಕರು. ವರ್ಷ ತುಂಬುವುದರೊಳಗೆ ಯೋಜನೆ ಮುಳುಗಿತು. ಆಗ ಅವನು, ತನ್ನ ಹಣವೂ, ಅಕ್ಕನ ಬಳೆ ಮಾರಿದ ಹಣವೂ ಅದರಲ್ಲೇ ಹೋಯಿತೆಂದು ತಲೆ ಮೇಲೆ ಕೈಹೊತ್ತು ಅತ್ತ. ಸಮಾಧಾನ ಮಾಡಿ ನೀರು ಕೊಟ್ಟವಳು ನಾನೇ. ನೀರು ಕೊಟ್ಟ ನನ್ನ ಈ ಕೈಯ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಕಳೆದ ವಾರ ಒಂದು ಹಳೇ ಕೋಟು ತಂದ. ಹೊಟ್ಟೆ ಬಂದಿತ್ತು, ಸಡಿಲ ಮಾಡಬೇಕಂತೆ. ಭಾನುವಾರ ಹೊಸ ಯೋಜನೆಯ ಸಭೆಯಂತೆ. ನನ್ನ ಅಂಗಡಿಯಲ್ಲಿ ಗುಂಡಿ ಹಾಕುವ ಅಜ್ಜಿ, ಕಣ್ಣಿನ ಆಪರೇಷನ್ನಿಗೆ ಇಟ್ಟಿದ್ದ ಹಣವನ್ನು ಅಲ್ಲಿ ಕಟ್ಟಲು ಹೊರಟಿದ್ದಳು. ಬೇಡವೆಂದರೆ, ನಿಮ್ಮ ಭಾವನೂ ಕಳ್ಕೊಂಡೋರೇ ಅಲ್ವಾ, ಈಗ ಹುಷಾರಾಗಿರ್ತಾರೆ ಎಂದಳು.

ಕತ್ತರಿ ಹಾಕುವ ಮೊದಲು ಜೇಬು ನೋಡುವುದು ನಮ್ಮ ಕಸುಬಿನ ರೂಢಿ. ಸಿಕ್ಕಿದ್ದನ್ನು ಓದದೆ, ಅದೇ ಜೇಬಿಗೆ ಪಿನ್ ಹಾಕಿ ಕೊಡಬೇಕು. ನಾನು ಓದಿದೆ. ಅವನ ಹೆಸರಿನ ಬ್ಯಾಂಕ್ ಠೇವಣಿಯ ರಸೀದಿ. ತಾರೀಕು, ನನ್ನ ಹಣ ಒಯ್ದ ಅದೇ ವಾರದ್ದು. ಅಕ್ಕನ ಕೈಗೆ ಸಿಗಬಾರದೆಂದು ಅಲ್ಲಿಟ್ಟು ಮರೆತಿರಬೇಕು. ಮಡಚಿ, ಪಿನ್ ಹಾಕಿ, ಕೋಟನ್ನು ಬಹಳ ಚೆನ್ನಾಗಿ ಹೊಲಿದುಕೊಟ್ಟೆ.

ಭಾನುವಾರ ಅಕ್ಕ ಮುಂದಿನ ಸಾಲಿನಲ್ಲಿದ್ದಳು. ಪಾಠ ಮುಗಿಸಿದ ಭಾವ, ಏನು ಬೇಕಾದರೂ ಕೇಳಿ, ಸಂಕೋಚ ಬೇಡ ಎಂದ. ನಾನು ಎದ್ದೆ. ನಮ್ಮ ಹಣ ಎಲ್ಲಿಗೆ ಹೋಗುತ್ತದೆ, ಬೇಕಾದಾಗ ತೆಗೆಯಬಹುದಾ, ನಮ್ಮನ್ನು ಸೇರಿಸಿದರೆ ನಿಮಗೆಷ್ಟು ಸಿಗುತ್ತದೆ ಎಂದು ಒಂದೊಂದೇ ಕೇಳಿದೆ. ನಗುನಗುತ್ತಲೇ ಹಾರಿಕೆ ಉತ್ತರ ಕೊಟ್ಟ.

"ಕೊನೇದು, ಭಾವ. ನಿಮ್ಮ ದುಡ್ಡು ಎಲ್ಲಿಟ್ಟಿದ್ದೀರಿ?"

"ಎಲ್ಲಾ ಇದರಲ್ಲೇ. ಹೋದ ಸಲಾನೂ ನಿನ್ನ ದುಡ್ಡಿನ ಜೊತೆಗೇ ಮುಳುಗ್ತಲ್ಲ. ನಿಮ್ಮಕ್ಕನ್ನೇ ಕೇಳು."

"ಹಾಗಾದ್ರೆ ಒಳಜೇಬಲ್ಲಿರೋ ರಸೀದಿ ಯಾರದ್ದು? ನಾನೇ ಪಿನ್ ಹಾಕಿಟ್ಟಿದೀನಿ."

ಅವನ ಕೈ ಎದೆಯ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಅಕ್ಕ ಎದ್ದುಹೋಗಿ ಆ ಕೈ ಸರಿಸಿ, ಕೋಟಿನೊಳಗೆ ತಡಕಿದಳು. ಪಿನ್ ಚುಚ್ಚಿ ಬೆರಳಲ್ಲಿ ರಕ್ತ ಬಂದರೂ ಬಿಡಲಿಲ್ಲ. ಮೊತ್ತವನ್ನು ಎರಡು ಸಲ ಓದಿದಳು.

"ಇದು ನನ್ನ ಬಳೆ" ಎಂದಳು.

ಅಜ್ಜಿ ಚೀಲದ ಬಾಯಿ ಬಿಗಿದು ಹೊರಟಳು. ಹಿಂದೆಯೇ ಎಲ್ಲರೂ ಎದ್ದರು. ನನ್ನ ಹಣ ಬರಲಿಲ್ಲ, ಆದರೂ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಮಾರನೇ ದಿನ ಅಕ್ಕ ಆ ಕೋಟನ್ನು ತಂದು ನನ್ನ ಮೇಜಿನ ಮೇಲೆ ಹಾಕಿ, ಒರೆಸುವ ಬಟ್ಟೆ ಮಾಡಿಬಿಡು ಎಂದಳು. ಕತ್ತರಿ ತೆಗೆದು, ರೂಢಿಯಂತೆ ಜೇಬಿಗೆ ಕೈ ಹಾಕಿದೆ.

"ನಾನಾಗ್ಲೇ ನೋಡಿದೀನಿ" ಎಂದಳು ಅಕ್ಕ.