ಬಾಯಿಗೆ ಬಾರದ ಹೆಸರು

ಸೊಸೆ ಅಡುಗೆಮನೆಯಿಂದಲೇ ಗಂಡನ ಹೆಸರು ಹಿಡಿದು ಕೂಗಿದಾಗಲೆಲ್ಲ ಅತ್ತೆಯ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಹೆಸರಾದರೂ ಪೂರ್ತಿ ಇರುತ್ತಿತ್ತೇ? ಅದಕ್ಕೂ ಕತ್ತರಿ, ಎರಡಕ್ಷರಕ್ಕೆ ಮೊಟಕು.

"ಗಂಡನ ಹೆಸರು ಹೇಳಿದ್ರೆ ಅವನ ಆಯಸ್ಸು ಕಮ್ಮಿಯಾಗುತ್ತೆ ಕಣಮ್ಮ" ಎಂದರೆ ಸೊಸೆ ನಗುತ್ತಿದ್ದಳು.

"ಅವನ ಆಫೀಸಲ್ಲಿ ಬಾಸನ್ನೇ ಎಲ್ಲರೂ ಹೆಸರು ಹಿಡಿದು ಕರೀತಾರೆ ಅತ್ತೆ. ಅರವತ್ತಾದ್ರೂ ಗುಂಡುಕಲ್ಲಿನ ಹಾಗಿದ್ದಾರೆ."

ಅತ್ತೆ ಮೂತಿ ತಿರುವುತ್ತಿದ್ದಳು. ಮದುವೆಯಾಗಿ ನಲವತ್ತೊಂದು ವರ್ಷ. ಒಂದು ದಿನವೂ ಆ ಹೆಸರು ಅವಳ ನಾಲಿಗೆಯ ಮೇಲೆ ಸುಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ ಚೀಟಿಯನ್ನೇ ಮುಂದಕ್ಕೆ ತಳ್ಳುವವಳು. ಯಜಮಾನರಿಗೆ ಹೆಸರೊಂದಿದೆ ಎಂಬುದನ್ನು ಜಗತ್ತೂ ಮರೆತಿತ್ತೆನ್ನಿ. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಯಂತ್ರ ನಡೆಸಿದ್ದರಿಂದ ಬೀದಿಗೆಲ್ಲ ಅವರು ಪ್ರೆಸ್ಸಿನವರು, ಅಕ್ಕಪಕ್ಕದ ಮಕ್ಕಳಿಗೆ ಅಂಕಲ್. ಹೆಂಡತಿಗೆ ಬರೀ "ರೀ". ಆ ಯಂತ್ರಗಳ ಸದ್ದಿಗೆ ಕಿವಿಯೂ ಅರ್ಧ ಹೋಗಿತ್ತು.

ಅವತ್ತು ಬೆಳಿಗ್ಗೆ ಮೂವರೂ ಮಾರುಕಟ್ಟೆಗೆ ಹೋಗಿದ್ದರು. ಹೆಂಗಸರಿಬ್ಬರೂ ಈರುಳ್ಳಿ ಆರಿಸುತ್ತಿದ್ದಾಗ ಯಜಮಾನರು ಕನ್ನಡಕದ ಡಬ್ಬಿ ಬೀಳಿಸಿಕೊಂಡು, ಹುಡುಕುತ್ತ ರಸ್ತೆಗಿಳಿದರು. ಅತ್ತೆ ತಲೆಯೆತ್ತಿ ನೋಡುತ್ತಾಳೆ, ಅವರು ನಡುಬಗ್ಗಿಸಿ ನಿಂತಿದ್ದಾರೆ. ಹಿಂದಿನಿಂದ ಮೂಟೆ ತುಂಬಿದ ಲಾರಿಯೊಂದು ರಿವರ್ಸ್ ಬರುತ್ತಿದೆ.

"ರೀ!"

ಬೀದಿಯಲ್ಲಿದ್ದ ಗಂಡಸರೆಲ್ಲ ತಿರುಗಿದರು. ತಿರುಗಬೇಕಾದವರು ತಿರುಗಲಿಲ್ಲ.

"ರೀ! ರೀ!"

"ನನ್ನನ್ನಾ ಅಮ್ಮ?" ಎಂದ ಬಟಾಣಿ ಮಾರುವವನು.

ಅತ್ತೆಗೆ ಆಯಸ್ಸಿನ ಲೆಕ್ಕ ಹಾಕುತ್ತ ಕೂರಲು ಹೊತ್ತಿರಲಿಲ್ಲ. ಹೊಟ್ಟೆಯೊಳಗಿಂದ ಹೆಸರು ಎದ್ದು ಬಂತು. ಪೂರ್ತಿ ಹೆಸರು, ಒಂದಕ್ಷರವೂ ಮೊಟಕಿಲ್ಲದೆ, ಬೀದಿಯೇ ಬೆಚ್ಚುವಂತೆ.

ಯಜಮಾನರು ಥಟ್ಟನೆ ನೆಟ್ಟಗಾದರು. ಶಾಲೆಯಲ್ಲಿ ಹಾಜರಿಗೆ ಓಗೊಡುವ ಹುಡುಗನಂತೆ "ಆಂ, ಬಂದೆ!" ಎನ್ನುತ್ತ ಅವಳತ್ತ ನಾಲ್ಕು ಹೆಜ್ಜೆ ಓಡಿಬಂದರು. ಅವರು ನಿಂತಿದ್ದ ಜಾಗವನ್ನು ಲಾರಿ ದಾಟಿ ನಿಂತಿತು. ಡಬ್ಬಿ ಅಪ್ಪಚ್ಚಿಯಾಗಿತ್ತು.

ಅತ್ತೆ ಈರುಳ್ಳಿ ಮೂಟೆಯ ಮೇಲೆಯೇ ಕುಸಿದು ಕೂತಳು. ಅಳುವೂ ನಗುವೂ ಒಟ್ಟಿಗೇ ಬಂದವು. ಹೋದ ಜೀವ ಬಂದಂತಾಗಿತ್ತು.

"ಅಯ್ಯೋ, ಹೆಸರು ಹೇಳ್ಬಿಟ್ನಲ್ಲೇ!"

"ಹೇಳಿದ್ದಕ್ಕೇ ಉಳಿದ್ರು ಅತ್ತೆ" ಎಂದು ಸೊಸೆ ಬೆನ್ನು ಸವರಿದಳು.

ಯಜಮಾನರು ಲಾರಿಯ ಕಡೆ ನೋಡಲಿಲ್ಲ, ಡಬ್ಬಿಯ ಕಡೆಯೂ ನೋಡಲಿಲ್ಲ. ಬೆಪ್ಪಾಗಿ ಹೆಂಡತಿಯನ್ನೇ ನೋಡುತ್ತ ನಿಂತಿದ್ದರು.

"ನೀನಾ ಕೂಗಿದ್ದು?"

"ಮತ್ತಿನ್ಯಾರು?"

"ಅಮ್ಮ ಕರೆದ ಹಾಗಾಯ್ತು ಕಣೇ. ಅವಳು ಹೋದ್ಮೇಲೆ ಯಾರೂ ಹಾಗೆ ಕರೆದಿರ್ಲಿಲ್ಲ."

ಅತ್ತೆ ಕಣ್ಣೊರೆಸಿಕೊಂಡಳು. ಸೊಸೆ ಈರುಳ್ಳಿ ಚೀಲ ಎತ್ತಿಕೊಂಡು, ತಿರುಗಿ ನೋಡದೆ ಮುಂದೆ ನಡೆದಳು. ಹಿಂದಿನಿಂದ ಅತ್ತೆಯ ದನಿ, ಮೆಲ್ಲಗೆ, ಅದೇ ಹೆಸರನ್ನು ಇನ್ನೊಮ್ಮೆ ಕರೆಯಿತು.

"ಹೂಂ, ಇಲ್ಲೇ ಇದ್ದೀನಿ" ಎಂದರು ಅರ್ಧ ಕಿವಿಯ ಯಜಮಾನರು.